ಗಡಿಯ ಸೇತುವೆಯನ್ನು ಕಾಯುವ ಕೆಲಸ

ಎರಡು ದೇಶಗಳ ನಡುವಿನ ಗಡಿ ಎಂದರೆ ನಮಗೆ ಥಟ್ಟನೆ ನೆನಪಾಗುವುದು ಭೂಪಟದ ಮೇಲಿನ ಒಂದು ಗೆರೆ. ಆದರೆ ಆ ಗೆರೆಯನ್ನು ದಾಟಬೇಕಾದ ಮನುಷ್ಯನಿಗೆ ಬೇಕಾಗುವುದು ಗೆರೆಯಲ್ಲ, ದಾರಿ. ಒಂದು ರಸ್ತೆ, ಒಂದು ಸೇತುವೆ, ಸರಕನ್ನು ತೂಗುವ ಕಟ್ಟೆ, ಸುಂಕದ ಕಚೇರಿ, ರಾತ್ರಿ ಉರಿಯುವ ದೀಪ ಇವೆಲ್ಲ ಇದ್ದಾಗ ಮಾತ್ರ ಗಡಿಠಾಣೆ ಎಂಬುದು ನಿಜವಾಗಿ ಇರುತ್ತದೆ. ನಮ್ಮ ನಾಡಿನಲ್ಲಿ ‘ಸುಂಕದಕಟ್ಟೆ’ ಎಂಬ ಹೆಸರಿನ ಊರುಗಳಿವೆ. ಒಂದು ಕಾಲದಲ್ಲಿ ಅಲ್ಲಿ ಎತ್ತಿನ ಗಾಡಿಗಳು ನಿಂತು ಸುಂಕ ಕೊಟ್ಟು ಮುಂದೆ ಹೋಗುತ್ತಿದ್ದವು ಎಂಬುದನ್ನು ಹೆಸರೇ ಹೇಳುತ್ತದೆ. ಬಯಲು ಸೀಮೆಯಲ್ಲಿ ಇಂಥ ಕಟ್ಟೆಯನ್ನು ನೋಡಿಕೊಳ್ಳುವುದು ದೊಡ್ಡ ಕಷ್ಟವಲ್ಲ. ಹಿಮಾಲಯದ ಕೊರಕಲಿನಲ್ಲಿ ಅದೇ ಕೆಲಸ ಒಂದು ಯುದ್ಧದಂತೆ.

ಇತಿಹಾಸದ ಪುಸ್ತಕಗಳು ರಸ್ತೆಯನ್ನು ಯಾರು ಕಟ್ಟಿಸಿದರು, ಯಾವ ವರ್ಷ ಕಟ್ಟಿಸಿದರು ಎಂದು ಹೇಳುತ್ತವೆ. ಕಟ್ಟಿದ ಮೇಲೆ ಅದನ್ನು ಐವತ್ತು ವರ್ಷ ಕಾಯ್ದುಕೊಂಡವರು ಯಾರು ಎಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ದೂರದರ್ಶನದಲ್ಲಿ ಕೆಲಸ ಮಾಡುವ ನಾವೂ ಇದಕ್ಕೆ ಹೊರತಲ್ಲ. ಸೇತುವೆಯ ಉದ್ಘಾಟನೆಗೆ ಕ್ಯಾಮೆರಾ ಹೋಗುತ್ತದೆ. ಸೇತುವೆ ಕುಸಿದಾಗಲೂ ಹೋಗುತ್ತದೆ. ಇವೆರಡರ ನಡುವಿನ ದೀರ್ಘ ಕಾಲದಲ್ಲಿ ಚರಂಡಿ ಬಿಡಿಸುವವನು, ಬೋಲ್ಟು ಬಿಗಿ ಮಾಡುವವನು ಪರದೆಯ ಮೇಲೆ ಬರುವುದು ಅಪರೂಪ. ಈ ಲೇಖನದಲ್ಲಿ ಆ ನಡುವಿನ ಕಾಲದ ಕಡೆಗೆ ಸ್ವಲ್ಪ ನೋಡೋಣ. ಅದಕ್ಕಾಗಿ ನೇಪಾಳ ಮತ್ತು ಟಿಬೆಟ್ ನಡುವಿನ ಕೋದಾರಿ ಗಡಿಠಾಣೆಯನ್ನು ಮುಖ್ಯ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಹಳೆಯ ಹಾದಿ, ಹೊಸ ಹೆದ್ದಾರಿ

ಕಠ್ಮಂಡು ಕಣಿವೆಯಿಂದ ಟಿಬೆಟ್ಟಿಗೆ ಹೋಗಲು ಶತಮಾನಗಳಿಂದ ಎರಡು ಮುಖ್ಯ ದಾರಿಗಳಿದ್ದವು. ಒಂದು ಕುತಿಯ ದಾರಿ, ಇನ್ನೊಂದು ಕೇರುಂಗ್ ದಾರಿ. ನೇವಾರ ವರ್ತಕರು ಈ ದಾರಿಗಳಲ್ಲಿ ಲ್ಹಾಸಾದವರೆಗೆ ಹೋಗಿ ಅಂಗಡಿ ಇಟ್ಟಿದ್ದರು. ಟಿಬೆಟ್ಟಿನ ಉಪ್ಪು ಮತ್ತು ಉಣ್ಣೆ ಕೆಳಗೆ ಬರುತ್ತಿತ್ತು, ನೇಪಾಳದ ಅಕ್ಕಿ ಮೇಲೆ ಹೋಗುತ್ತಿತ್ತು. ಮಲ್ಲ ಅರಸರು ಟಿಬೆಟ್ಟಿಗಾಗಿ ನಾಣ್ಯಗಳನ್ನೂ ಟಂಕಿಸಿ ಕಳಿಸುತ್ತಿದ್ದರು.

1961ರ ಅಕ್ಟೋಬರಿನಲ್ಲಿ ನೇಪಾಳದ ದೊರೆ ಮಹೇಂದ್ರ ಬೀಜಿಂಗಿಗೆ ಹೋದಾಗ ಎರಡು ದೇಶಗಳು ಗಡಿ ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಬೆನ್ನಿಗೇ ರಸ್ತೆಯ ಒಪ್ಪಂದವೂ ಆಯಿತು. ಚೀನಾದ ನೆರವಿನಿಂದ ರಸ್ತೆಯ ಕೆಲಸ 1963ರಲ್ಲಿ ಆರಂಭವಾಗಿ 1967ರಲ್ಲಿ ಸಂಚಾರಕ್ಕೆ ತೆರೆಯಿತು. ಕಠ್ಮಂಡುವಿನಿಂದ ಕೋದಾರಿಗೆ ಸುಮಾರು 115 ಕಿಲೋಮೀಟರು. ರಸ್ತೆ ಮೊದಲು ಸುನ್‌ಕೋಸಿ ನದಿಯನ್ನೂ ಆಮೇಲೆ ಭೋಟೆಕೋಸಿ ನದಿಯನ್ನೂ ಹಿಡಿದು ಮೇಲೇರುತ್ತದೆ. ಕೊನೆಯಲ್ಲಿ ಭೋಟೆಕೋಸಿಯ ಮೇಲೆ ‘ಸ್ನೇಹ ಸೇತುವೆ’. ಸೇತುವೆಯ ನಡುವೆ ಬಳಿದ ಒಂದು ಗೆರೆಯೇ ಅಂತರರಾಷ್ಟ್ರೀಯ ಗಡಿ.

ಹೆದ್ದಾರಿಗೆ ಇಟ್ಟ ಹೆಸರು ಅರ್ನಿಕೊ ರಾಜಮಾರ್ಗ. ಅರ್ನಿಕೊ ಹದಿಮೂರನೆಯ ಶತಮಾನದ ನೇಪಾಳಿ ಶಿಲ್ಪಿ. ಟಿಬೆಟ್ಟಿನಲ್ಲಿ ಒಂದು ಸ್ತೂಪ ಕಟ್ಟಲು ಹೋದ ಕಲೆಗಾರರ ತಂಡದ ನಾಯಕನಾಗಿದ್ದು, ಅಲ್ಲಿಂದ ಕುಬ್ಲಾಯ್ ಖಾನನ ಆಸ್ಥಾನ ಸೇರಿದ. ಬೀಜಿಂಗಿನಲ್ಲಿ ಇಂದೂ ನಿಂತಿರುವ ಬಿಳಿಯ ಸ್ತೂಪ ಅವನ ಕೃತಿ. ಆದರೆ ಚೀನೀ ಚರಿತ್ರೆಯ ಪ್ರಕಾರ ಚಕ್ರವರ್ತಿ ಅವನಿಗೆ ಮೊದಲು ಒಡ್ಡಿದ ಪರೀಕ್ಷೆ ಹೊಸದನ್ನು ಕಟ್ಟುವುದಲ್ಲ. ವೈದ್ಯರು ಸೂಜಿ ಚಿಕಿತ್ಸೆಯ ಬಿಂದುಗಳನ್ನು ಕಲಿಯಲು ಬಳಸುತ್ತಿದ್ದ, ಕೆಟ್ಟುಹೋಗಿದ್ದ ಒಂದು ಲೋಹದ ಪ್ರತಿಮೆಯನ್ನು ಸರಿಪಡಿಸುವುದು. 1265ರಲ್ಲಿ ಅವನು ಅದನ್ನು ಮಾಡಿ ಮುಗಿಸಿದ. ದುರಸ್ತಿಯಿಂದ ಹೆಸರು ಗಳಿಸಿದವನ ಹೆಸರನ್ನೇ ಈ ರಸ್ತೆ ಹೊತ್ತಿದೆ. ಅದರ ಮುಂದಿನ ಚರಿತ್ರೆಯೆಲ್ಲ ದುರಸ್ತಿಯ ಚರಿತ್ರೆಯೇ ಆಯಿತು.

1981ರ ಪ್ರವಾಹ

ಗಡಿಯಾಚೆ ಟಿಬೆಟ್ಟಿನ ಎತ್ತರದಲ್ಲಿ ಹಿಮನದಿಗಳ ಮುಂದೆ ಸರೋವರಗಳಿವೆ. ಹಿಮನದಿ ಹಿಂದೆ ಸರಿಯುವಾಗ ತಾನು ತಳ್ಳಿಕೊಂಡು ಬಂದಿದ್ದ ಕಲ್ಲುಮಣ್ಣಿನ ದಿಬ್ಬವನ್ನು ಬಿಟ್ಟುಹೋಗುತ್ತದೆ. ಆ ದಿಬ್ಬವೇ ಅಣೆಕಟ್ಟಿನಂತೆ ನಿಂತು ಕರಗಿದ ನೀರನ್ನು ಹಿಡಿದಿಡುತ್ತದೆ. ಇದು ಇಂಜಿನಿಯರು ಕಟ್ಟಿದ ಅಣೆಕಟ್ಟಲ್ಲ. ಇದಕ್ಕೆ ಅಡಿಪಾಯವಿಲ್ಲ, ಕೋಡಿಯಿಲ್ಲ, ತೂಬಿಲ್ಲ. ಹಿಮಗಡ್ಡೆಯೊಂದು ಜಾರಿ ಸರೋವರಕ್ಕೆ ಬಿದ್ದರೆ ಏಳುವ ಅಲೆ ದಿಬ್ಬವನ್ನು ಹಾರಿ ಅದನ್ನು ಕೊರೆಯುತ್ತದೆ. ಒಮ್ಮೆ ಕೊರೆತ ಆರಂಭವಾದರೆ ಸರೋವರ ಬಲುಬೇಗ ಬರಿದಾಗುತ್ತದೆ.

1981ರ ಜುಲೈ 11ರಂದು ಜಾಂಗ್‌ಜಾಂಗ್‌ಬೊ ಎಂಬ ಕಣಿವೆಯ ಮೇಲಿದ್ದ ಇಂಥ ಸರೋವರ ಒಡೆಯಿತು. ನೀರು, ಕಲ್ಲು, ಕೆಸರು ಒಂದಾಗಿ ಭೋಟೆಕೋಸಿಗೆ ಧುಮುಕಿದವು. ಸ್ನೇಹ ಸೇತುವೆ ಕೊಚ್ಚಿಹೋಯಿತು. ಹೆದ್ದಾರಿಯ ಉದ್ದುದ್ದ ಭಾಗಗಳು ಹೋದವು. ಕೆಳಗೆ ಸುನ್‌ಕೋಸಿಯ ಜಲವಿದ್ಯುತ್ ಕೇಂದ್ರದ ಒಡ್ಡಿಗೂ ಹಾನಿಯಾಯಿತು. ಅನೇಕರು ಸತ್ತರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಹರಿಯುವ ನೀರು ಒಂದು ಬಂಡೆಯ ಮೇಲೆ ಹಾಕುವ ಬಲ ವೇಗದ ವರ್ಗಕ್ಕೂ ಬಂಡೆಯ ಮುಖದ ವಿಸ್ತಾರಕ್ಕೂ ಅನುಗುಣವಾಗಿರುತ್ತದೆ. ಬಂಡೆಯ ತೂಕ ಅದರ ಘನಗಾತ್ರಕ್ಕೆ ಅನುಗುಣ. ಇವೆರಡನ್ನೂ ಸಮೀಕರಿಸಿ ನೋಡಿದರೆ, ನೀರು ಉರುಳಿಸಬಲ್ಲ ಬಂಡೆಯ ತೂಕ ವೇಗದ ಆರನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ ಎಂದು ತಿಳಿಯುತ್ತದೆ. ಅಂದರೆ ವೇಗ ಎರಡು ಪಟ್ಟಾದರೆ ತೂಕ 64 ಪಟ್ಟು! ನಿನ್ನೆ ಮೂರು ಕಿಲೋ ಕಲ್ಲನ್ನು ಮಾತ್ರ ಅಲುಗಿಸುತ್ತಿದ್ದ ಹೊಳೆ ಇಂದು ಸುಮಾರು ಇನ್ನೂರು ಕಿಲೋ ಬಂಡೆಯನ್ನು ಉರುಳಿಸಬಲ್ಲದು. ಸೇತುವೆಯ ಬುಡಕ್ಕೆ ಬಂದು ಬಡಿಯುವುದು ಬರಿಯ ನೀರಲ್ಲ, ಈ ಬಂಡೆಗಳು. ಇಂಥ ನದಿಯ ಮೇಲೆ ಸೇತುವೆ ಕಟ್ಟುವಾಗ ನದಿಯ ನಡುವೆ ಕಂಬ ನಿಲ್ಲಿಸದೆ, ದಡದಿಂದ ದಡಕ್ಕೆ ಒಂದೇ ನೆಗೆತದಲ್ಲಿ, ಸಾಧ್ಯವಾದಷ್ಟು ಎತ್ತರದಲ್ಲಿ ದಾಟಿಸುವುದು ಜಾಣತನ. ಈ ಪಾಠ ಕಲಿಸುವುದು ನದಿಯೇ. ಅದರ ಶುಲ್ಕ ಮಾತ್ರ ದುಬಾರಿ.

ಪ್ರತಿದಿನದ ಕೆಲಸ

ದೊಡ್ಡ ಪ್ರವಾಹ ಯಾವಾಗಲೋ ಒಮ್ಮೆ ಬರುತ್ತದೆ. ರಸ್ತೆಯನ್ನು ಸಾಮಾನ್ಯವಾಗಿ ಕೊಲ್ಲುವುದು ಅದಲ್ಲ, ಸಣ್ಣ ನೀರು. ಪರ್ವತದ ರಸ್ತೆಯೆಂದರೆ ಇಳಿಜಾರನ್ನು ಕಡಿದು ಮಾಡಿದ ಒಂದು ಮೆಟ್ಟಿಲು. ಮೇಲಿನಿಂದ ಇಳಿಯುವ ಮಳೆನೀರು ಈ ಮೆಟ್ಟಿಲಿನ ಮೇಲೆ ನಿಲ್ಲಲು ನೋಡುತ್ತದೆ. ಅದು ರಸ್ತೆಯೊಳಗೆ ಇಂಗಿದರೆ ಕೆಳಗಿನ ಮಣ್ಣಿನ ಭಾರ ಹೆಚ್ಚುತ್ತದೆ, ಕಣಗಳ ನಡುವಿನ ಹಿಡಿತ ಕಡಿಮೆಯಾಗುತ್ತದೆ. ಒಂದು ದಿನ ರಸ್ತೆಯ ಅರ್ಧ ಅಗಲ ಕೆಳಗಿನ ಹೊಳೆಗೆ ಜಾರುತ್ತದೆ.

ಆದ್ದರಿಂದ ಪರ್ವತದ ಇಂಜಿನಿಯರಿಗೆ ಡಾಂಬರಿಗಿಂತ ಚರಂಡಿ ಮುಖ್ಯ. ಬೆಟ್ಟದ ಕಡೆಯ ಚರಂಡಿ ನೀರನ್ನು ಹಿಡಿಯುತ್ತದೆ, ಮೋರಿ ಅದನ್ನು ರಸ್ತೆಯಡಿಯಲ್ಲಿ ದಾಟಿಸುತ್ತದೆ. ತಡೆಗೋಡೆಯಲ್ಲಿ ಸಾಲಾಗಿ ಬಿಟ್ಟ ತೂತುಗಳು ಗೋಡೆಯ ಹಿಂದಿನ ನೀರನ್ನು ಹೊರಗೆ ಬಿಡುತ್ತವೆ. ಒಂದು ಬಂಡೆ, ನಾಲ್ಕು ಬುಟ್ಟಿ ಮಣ್ಣು, ಒಂದಿಷ್ಟು ತರಗೆಲೆ ಸಿಕ್ಕಿಕೊಂಡರೆ ಮೋರಿ ಮುಚ್ಚಿಹೋಗುತ್ತದೆ. ಅದನ್ನು ಬಿಡಿಸಲು ಬೇಕಾದದ್ದು ಒಬ್ಬ ಮನುಷ್ಯ, ಒಂದು ಸಲಿಕೆ ಮತ್ತು ಒಂದು ಗಂಟೆ. ಬಿಡಿಸದಿದ್ದರೆ ಮುಂದೆ ಬೇಕಾಗುವುದು ಬುಲ್‌ಡೋಜರು, ಸಿಮೆಂಟು ಮತ್ತು ತಿಂಗಳುಗಳು. ಇದಕ್ಕಾಗಿಯೇ ನೇಪಾಳದಲ್ಲಿ ರಸ್ತೆಯನ್ನು ತುಂಡುಗಳಾಗಿ ಹಂಚಿ, ಒಂದೊಂದು ತುಂಡನ್ನು ಸ್ಥಳೀಯ ಕೆಲಸಗಾರರಿಗೆ ವಹಿಸಿಕೊಡುವ ಪದ್ಧತಿ ಇದೆ. ನಮ್ಮ ರಸ್ತೆಗಳಲ್ಲಿ ಗ್ಯಾಂಗ್‌ಮನ್‌ಗಳು ಮಾಡುವ ಕೆಲಸವೇ ಇದು. ತನ್ನ ತುಂಡಿನ ಪ್ರತಿಯೊಂದು ಮೋರಿಯೂ ಅಂಥವನಿಗೆ ಮುಖಪರಿಚಯ.

ಜಾರುವ ಇಳಿಜಾರನ್ನು ಹಿಡಿಯಲು ಇನ್ನೊಂದು ಉಪಾಯ ತಂತಿಬಲೆಯ ಪೆಟ್ಟಿಗೆಗಳು. ಇವನ್ನು ಗೇಬಿಯನ್ ಎನ್ನುತ್ತಾರೆ. ಬಲೆಯೊಳಗೆ ಅಲ್ಲಿಯೇ ಸಿಗುವ ಕಲ್ಲು ತುಂಬಿ ಗೋಡೆಯಂತೆ ಪೇರಿಸುತ್ತಾರೆ. ಕಾಂಕ್ರೀಟು ಗೋಡೆ ನೆಲ ಸ್ವಲ್ಪ ಕುಸಿದರೂ ಬಿರಿಯುತ್ತದೆ. ಗೇಬಿಯನ್ ಬಾಗುತ್ತದೆ, ಒಡೆಯುವುದಿಲ್ಲ, ನೀರನ್ನೂ ತಡೆಯುವುದಿಲ್ಲ. ಜೊತೆಗೆ ನೇಪಾಳದ ರಸ್ತೆ ಇಲಾಖೆ 1980 ಮತ್ತು 90ರ ದಶಕಗಳಲ್ಲಿ ವಿದೇಶಿ ತಜ್ಞರೊಡನೆ ಸೇರಿ ಸಸ್ಯಗಳಿಂದ ಇಳಿಜಾರನ್ನು ಕಾಯುವ ವಿಧಾನವನ್ನು ಬೆಳೆಸಿತು. ಆಳಕ್ಕೆ ಬೇರು ಬಿಡುವ ಹುಲ್ಲುಗಳನ್ನು ಸಾಲುಸಾಲಾಗಿ ನೆಟ್ಟರೆ ಮೇಲ್ಮಣ್ಣು ಕೊಚ್ಚಿಹೋಗುವುದಿಲ್ಲ. ಹಳ್ಳಿಯ ರೈತನಿಗೆ ಗೊತ್ತಿದ್ದ ವಿದ್ಯೆಯನ್ನೇ ಇಂಜಿನಿಯರರು ಅಳತೆ ಹಾಕಿ ಪುಸ್ತಕಕ್ಕೆ ತಂದರು.

ಸೇತುವೆಗಳಿಗೂ ಪ್ರತ್ಯೇಕ ನಿಗಾ ಬೇಕು. ಉಕ್ಕು ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುತ್ತದೆ. ಅದಕ್ಕಾಗಿ ಬಿಟ್ಟ ಸಂದಿನಲ್ಲಿ ಮಣ್ಣು ತುಂಬಿಕೊಂಡರೆ ಸೇತುವೆ ತನ್ನನ್ನು ತಾನೇ ಹಿಂಡಿಕೊಳ್ಳುತ್ತದೆ. ಬುಡದ ಮಣ್ಣನ್ನು ನದಿ ಕೊರೆಯುತ್ತಿದೆಯೇ ಎಂದು ಪ್ರತಿ ಮಳೆಗಾಲದ ನಂತರ ಇಳಿದು ನೋಡಬೇಕು. ದೂರದ ಗಡಿಗಳಲ್ಲಿ ಸೇತುವೆ ಹೋದಾಗ ಮೊದಲು ಬರುವುದು ಬೈಲಿ ಸೇತುವೆ. ಬ್ರಿಟಿಷ್ ಇಂಜಿನಿಯರು ಡೊನಾಲ್ಡ್ ಬೈಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದನ್ನು ರೂಪಿಸಿದ. ಹತ್ತು ಅಡಿ ಉದ್ದದ ಉಕ್ಕಿನ ಚೌಕಟ್ಟುಗಳನ್ನು ಗೂಟಗಳಿಂದ ಒಂದಕ್ಕೊಂದು ಜೋಡಿಸುವುದು ಇದರ ಗುಟ್ಟು. ಒಂದು ಚೌಕಟ್ಟಿನ ತೂಕ ಸುಮಾರು 260 ಕಿಲೋ. ಆರು ಜನ ಎತ್ತಬಹುದು. ಕ್ರೇನು ಬರಲಾಗದ ಜಾಗಕ್ಕೆ ಇದು ಹೇಳಿಮಾಡಿಸಿದ್ದು. ಆದರೆ ಇದರ ಮೇಲೆ ಲಾರಿಗಳು ಓಡಾಡಿದಂತೆ ಗೂಟಗಳೂ ಬೋಲ್ಟುಗಳೂ ಸಡಿಲವಾಗುತ್ತವೆ. ತಾತ್ಕಾಲಿಕವೆಂದು ಹಾಕಿದ್ದು ಇಪ್ಪತ್ತು ವರ್ಷ ಉಳಿದರೆ, ಅದನ್ನು ಬಿಗಿಮಾಡುವವನೂ ಇಪ್ಪತ್ತು ವರ್ಷ ಇರಬೇಕು.

ಮುಚ್ಚಿದ ಗಡಿಗೂ ರಸ್ತೆ ಬೇಕು

ನಮ್ಮ ದೇಶದ ಸಿಕ್ಕಿಮಿನಲ್ಲಿರುವ ನಾಥು ಲಾ ಕಣಿವೆಮಾರ್ಗ ಸುಮಾರು 4,300 ಮೀಟರು ಎತ್ತರದಲ್ಲಿದೆ. 1962ರಲ್ಲಿ ಮುಚ್ಚಿದ ಈ ದಾರಿ ವ್ಯಾಪಾರಕ್ಕೆ ಮತ್ತೆ ತೆರೆದದ್ದು 2006ರ ಜುಲೈ 6ರಂದು. 2020ರಲ್ಲಿ ವ್ಯಾಪಾರ ಮತ್ತೆ ನಿಂತಿತು. 2025ರಲ್ಲಿ ಕೈಲಾಸ ಯಾತ್ರಿಕರು ಈ ದಾರಿಯಲ್ಲಿ ಮತ್ತೆ ಹೋದರು. ಗಡಿ ಮುಚ್ಚಿದ್ದ 44 ವರ್ಷಗಳಲ್ಲೂ ರಸ್ತೆಗೆ ರಜೆ ಇರಲಿಲ್ಲ. ಮೇಲೆ ಕಾವಲು ನಿಂತ ಸೈನಿಕರಿಗೆ ಅನ್ನ, ಸೀಮೆಎಣ್ಣೆ, ಔಷಧಿ ಹೋಗಲೇಬೇಕಿತ್ತು. 1960ರಲ್ಲಿ ಸ್ಥಾಪನೆಯಾದ ಗಡಿ ರಸ್ತೆಗಳ ಸಂಸ್ಥೆ ಇಂಥ ದಾರಿಗಳ ಹಿಮ ತೆಗೆದು, ಕುಸಿದ ಮಣ್ಣು ಸರಿಸಿ ಅವನ್ನು ಕಾಯುತ್ತ ಬಂದಿದೆ.

ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರವತ್ತು ಶೇಕಡದಷ್ಟು ಮಾತ್ರ. ಕೂಲಿಯವನ ಉಸಿರಿಗೆ ಹೇಗೆ ಆಮ್ಲಜನಕ ಸಾಲದೋ ಹಾಗೆಯೇ ಎಂಜಿನ್ನಿಗೂ ಸಾಲದು. ಬುಲ್‌ಡೋಜರಿನ ಶಕ್ತಿ ಇಳಿಯುತ್ತದೆ. ಚಳಿಗೆ ಸಾಮಾನ್ಯ ಡೀಸೆಲಿನಲ್ಲಿರುವ ಮೇಣದಂಥ ಅಂಶ ಗಟ್ಟಿಯಾಗಿ ಕೊಳವೆ ಕಟ್ಟುತ್ತದೆ. ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ಚಳಿಗಾಲದ ಡೀಸೆಲನ್ನು ಇಂಡಿಯನ್ ಆಯಿಲ್ ಸಂಸ್ಥೆ ಲಡಾಖಿಗೆ ಒದಗಿಸಲಾರಂಭಿಸಿದ್ದು 2019ರಲ್ಲಿ. ಇನ್ನು ನೀರು ಹೆಪ್ಪುಗಟ್ಟುವಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ ಎಂಬುದನ್ನು ನೀವು ಪಾಠದಲ್ಲಿ ಓದಿದ್ದೀರಿ. ಡಾಂಬರಿನ ಬಿರುಕಿಗೆ ಹಗಲು ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಬಿರುಕನ್ನು ಅಗಲಿಸುತ್ತದೆ. ಮರುದಿನ ಇನ್ನಷ್ಟು ನೀರು ಇಳಿಯುತ್ತದೆ. ಚಳಿಗಾಲ ಮುಗಿಯುವ ಹೊತ್ತಿಗೆ ಬಿರುಕು ಗುಂಡಿಯಾಗಿರುತ್ತದೆ. ಅದನ್ನು ಮುಚ್ಚಲು ಸಿಗುವುದು ವರ್ಷದಲ್ಲಿ ಕೆಲವೇ ತಿಂಗಳು.

ಹುಂಜಾ ನದಿಯ ಪಾಠ

ಪಾಕಿಸ್ತಾನ ಮತ್ತು ಚೀನಾಗಳನ್ನು ಕೂಡಿಸುವ ಕಾರಕೋರಂ ಹೆದ್ದಾರಿ 4,693 ಮೀಟರು ಎತ್ತರದ ಖುಂಜೆರಾಬ್ ಕಣಿವೆಮಾರ್ಗದಲ್ಲಿ ಗಡಿ ದಾಟುತ್ತದೆ. ಅದನ್ನು ಕಟ್ಟುವಾಗ ಎರಡೂ ದೇಶಗಳ ನೂರಾರು ಕೆಲಸಗಾರರು ಪ್ರಾಣ ಕಳೆದುಕೊಂಡರು. 2010ರ ಜನವರಿ 4ರಂದು ಅತ್ತಾಬಾದ್ ಎಂಬ ಹಳ್ಳಿಯ ಬಳಿ ಬೆಟ್ಟವೇ ಕುಸಿದು ಹುಂಜಾ ನದಿಯನ್ನು ಅಡ್ಡಗಟ್ಟಿತು. ಹಿಂದೆ ನೀರು ನಿಂತು ಉದ್ದವಾದ ಸರೋವರವಾಯಿತು. ಹೆದ್ದಾರಿ ಅದರಲ್ಲಿ ಮುಳುಗಿತು. ಐದು ವರ್ಷಕ್ಕೂ ಹೆಚ್ಚು ಕಾಲ ಜನರೂ ಸರಕೂ ವಾಹನಗಳೂ ದೋಣಿಯಲ್ಲಿ ದಾಟಬೇಕಾಯಿತು. ಒಟ್ಟು ಏಳು ಕಿಲೋಮೀಟರಿನಷ್ಟು ಉದ್ದದ ಐದು ಸುರಂಗಗಳನ್ನು ಕೊರೆದು ಹೊಸ ದಾರಿ ತೆರೆದದ್ದು 2015ರ ಸೆಪ್ಟೆಂಬರಿನಲ್ಲಿ. ಗಡಿಠಾಣೆ ಎಷ್ಟೇ ಗಟ್ಟಿಯಾಗಿರಲಿ, ಅದರ ಆಯುಷ್ಯ ಅಲ್ಲಿಗೆ ಹೋಗುವ ರಸ್ತೆಯ ಅತಿ ದುರ್ಬಲ ತುಂಡಿನಷ್ಟೇ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಮತ್ತೆ ಕೋದಾರಿಗೆ

ಕೋದಾರಿಯ ಕಥೆ ಅಲ್ಲಿಗೇ ನಿಲ್ಲಲಿಲ್ಲ. 2014ರ ಆಗಸ್ಟ್ 2ರಂದು ಬೆಳಗಿನ ಜಾವ ಜುರೆ ಎಂಬಲ್ಲಿ ಬೆಟ್ಟ ಜಾರಿ 156 ಜನ ಸತ್ತರು. ಮಣ್ಣು ಸುನ್‌ಕೋಸಿಯನ್ನು ಕಟ್ಟಿಹಾಕಿತು, ಅರ್ನಿಕೊ ರಾಜಮಾರ್ಗ ತುಂಡಾಯಿತು. ಆ ತಾತ್ಕಾಲಿಕ ಸರೋವರ ಸೆಪ್ಟೆಂಬರಿನಲ್ಲಿ ಒಡೆದು ಹರಿಯಿತು. 2015ರ ಏಪ್ರಿಲ್ 25ರಂದು 7.8 ಪ್ರಮಾಣದ ಭೂಕಂಪ. ಮೇ 12ರಂದು ಇನ್ನೊಂದು, 7.3. ಗಡಿಯಾಚೆಯ ಝಾಂಗ್‌ಮು ಪಟ್ಟಣವನ್ನೇ ಖಾಲಿ ಮಾಡಿಸಲಾಯಿತು. 2016ರ ಜುಲೈ 5ರಂದು ಟಿಬೆಟ್ಟಿನ ಕಡೆಯ ಒಂದು ಪುಟ್ಟ ಹಿಮಸರೋವರ ಒಡೆದು ಭೋಟೆಕೋಸಿ ಉಕ್ಕಿತು. ತಾತೊಪಾನಿಯ ಮನೆಗಳೂ ರಸ್ತೆಯೂ ಹೋದವು, ಮೇಲ್ಭೋಟೆಕೋಸಿಯ ಜಲವಿದ್ಯುತ್ ಕೇಂದ್ರಕ್ಕೆ ಹಾನಿಯಾಯಿತು. ಗಡಿಠಾಣೆ ಮತ್ತೆ ತೆರೆದದ್ದು 2019ರ ಮೇ 29ರಂದು.

ನಾಲ್ಕು ವರ್ಷ ಸೇತುವೆ ಮುಚ್ಚಿದ್ದರೆ ಏನಾಗುತ್ತದೆ? ಬೆನ್ನ ಮೇಲೆ ಮೂಟೆ ಹೊತ್ತು, ಹಣೆಗೆ ಪಟ್ಟಿ ಕಟ್ಟಿಕೊಂಡು ಸೇತುವೆ ದಾಟುತ್ತಿದ್ದ ಹಮಾಲಿಗಳಿಗೆ ಕೂಲಿಯಿಲ್ಲ. ರಸ್ತೆ ಬದಿಯ ಚಹದ ಅಂಗಡಿಗೆ ಗಿರಾಕಿಯಿಲ್ಲ. ದಸಾಯಿ ಹಬ್ಬಕ್ಕೆ ಬರಬೇಕಾದ ಬಟ್ಟೆಬರೆ ಗಡಿಯಾಚೆ ಕೊಳೆಯುತ್ತದೆ. ನೇಪಾಳದ ಮೂಲಕ ಮಾನಸ ಸರೋವರಕ್ಕೆ ಹೋಗುತ್ತಿದ್ದ ಭಾರತದ ಯಾತ್ರಿಕರು, ನಮ್ಮ ಕರ್ನಾಟಕದವರೂ ಸೇರಿ, 2015ರವರೆಗೆ ಈ ಸೇತುವೆಯನ್ನೇ ದಾಟುತ್ತಿದ್ದರು. ಆಮೇಲೆ ಹಳೆಯ ಕೇರುಂಗ್ ದಾರಿಯ ರಸುವಾಗಢಿ ಠಾಣೆಯ ಮೇಲೆ ಭಾರವೆಲ್ಲ ಬಿತ್ತು. 2025ರ ಜುಲೈ 8ರಂದು ಅಲ್ಲಿಯೂ ಅದೇ ಆಯಿತು. ಮೇಲಿನ ಹಿಮನದಿಯ ಮೇಲೆ ನಿಂತಿದ್ದ ನೀರು ಒಡೆದು ಬಂದು ಅಲ್ಲಿಯ ಮಿತೇರಿ ಸೇತುವೆಯನ್ನು ಕೊಚ್ಚಿಕೊಂಡು ಹೋಯಿತು. ಜನ ಸತ್ತರು, ಸರಕು ತುಂಬಿದ ಪೆಟ್ಟಿಗೆಗಳೂ ಹೊಸ ವಾಹನಗಳೂ ಹೊಳೆಯ ಪಾಲಾದವು.

ಎಚ್ಚರಿಕೆಯ ಗಂಟೆಗೂ ದುರಸ್ತಿ ಬೇಕು

1981, 2016, 2025 ಈ ಮೂರರಲ್ಲಿಯೂ ಒಂದು ಸಮಾನ ಅಂಶವಿದೆ. ಸರೋವರ ಒಂದು ದೇಶದಲ್ಲಿ, ಪೆಟ್ಟು ತಿಂದವರಲ್ಲಿ ಹಲವರು ಇನ್ನೊಂದು ದೇಶದಲ್ಲಿ. ನೇಪಾಳದ ಇಂಜಿನಿಯರು ತನ್ನ ಕಡೆಯ ಚರಂಡಿ, ಮೋರಿ, ಗೋಡೆ ಎಲ್ಲವನ್ನೂ ಚೆನ್ನಾಗಿ ಇಟ್ಟುಕೊಂಡರೂ ಮೇಲಿನ ಸರೋವರ ತುಂಬುತ್ತಿರುವುದು ಅವನಿಗೆ ಕಾಣುವುದಿಲ್ಲ. ಸೇತುವೆಯ ನಡುವಿನ ಗೆರೆ ಸುಂಕದವರಿಗೆ ಗೊತ್ತು, ನದಿಗೆ ಗೊತ್ತಿಲ್ಲ. ಮೇಲಿನಿಂದ ಕೆಳಗಿನವರಿಗೆ ಸಕಾಲದಲ್ಲಿ ಸುದ್ದಿ ಮುಟ್ಟಿಸುವ ವ್ಯವಸ್ಥೆಯೂ ಸೇತುವೆಯ ಕಂಬದಷ್ಟೇ ಅಗತ್ಯವಾದ ಭಾಗ.

ಆ ವ್ಯವಸ್ಥೆಯನ್ನು ಕಟ್ಟಿದರಷ್ಟೇ ಸಾಲದು. ನೇಪಾಳದ ರೋಲ್ವಾಲಿಂಗ್ ಕಣಿವೆಯಲ್ಲಿ ತ್ಸೋ ರೋಲ್ಪಾ ಎಂಬ ದೊಡ್ಡ ಹಿಮಸರೋವರವಿದೆ. ಅದು ಒಡೆದರೆ ಕೆಳಗಿನ ಹಳ್ಳಿಗಳಿಗೆ ತಿಳಿಯಲೆಂದು 1998ರಲ್ಲಿ ವಿದೇಶಿ ನೆರವಿನಿಂದ ಎಚ್ಚರಿಕೆ ಸಾಧನಗಳನ್ನು ಹಾಕಿದರು. 2000ದಲ್ಲಿ ಕಾಲುವೆ ತೋಡಿ ಸರೋವರದ ಮಟ್ಟವನ್ನು ಮೂರು ಮೀಟರು ಇಳಿಸಿದರು. ಕಾಲುವೆಯಿಂದ ಪ್ರಯೋಜನವಾಯಿತು. ಆದರೆ ಎಚ್ಚರಿಕೆ ಸಾಧನಗಳು ಕೆಲವೇ ವರ್ಷಗಳಲ್ಲಿ ಮೂಕವಾದವು. ಆಗ ನಡೆಯುತ್ತಿದ್ದ ಆಂತರಿಕ ಯುದ್ಧದಲ್ಲಿ ನೋಡಿಕೊಳ್ಳುವವರು ಉಳಿಯಲಿಲ್ಲ. ಗಂಟೆ ಇದೆ ಎಂದು ನಂಬಿ ಮಲಗಿದವನಿಗೆ ಕೆಟ್ಟ ಗಂಟೆ, ಗಂಟೆಯೇ ಇಲ್ಲದಿರುವುದಕ್ಕಿಂತ ಅಪಾಯಕಾರಿ.

ಹಣದ ಪ್ರಶ್ನೆ

ಹೊಸ ಸೇತುವೆಗೆ ದಾನ ಕೊಡುವ ದೇಶಗಳು ಸಿಗುತ್ತವೆ, ಶಿಲಾಫಲಕಕ್ಕೆ ಹೆಸರೂ ಸಿಗುತ್ತದೆ. ಚರಂಡಿ ಬಿಡಿಸಲು ವರ್ಷವರ್ಷವೂ ಹಣ ಕೊಡುವವರು ಸಿಗುವುದು ಕಷ್ಟ. ಈ ಸಮಸ್ಯೆ ನಮ್ಮ ಹಿರಿಯರಿಗೆ ತಿಳಿದಿತ್ತು. ಕನ್ನಡದ ಶಾಸನಗಳಲ್ಲಿ ‘ಬಿತ್ತುವಟ್ಟ’, ‘ಕಟ್ಟುಗೊಡಗೆ’ ಎಂಬ ಮಾತುಗಳು ಬರುತ್ತವೆ. ಕೆರೆ ಕಟ್ಟಿಸಿದವರಿಗೆ, ಅದನ್ನು ಸುಸ್ಥಿತಿಯಲ್ಲಿ ಇಡುವವರಿಗೆ ಬಿಟ್ಟುಕೊಟ್ಟ ಭೂಮಿಯ ದತ್ತಿಗಳು ಅವು. ಹೂಳೆತ್ತುವ ಗಾಡಿಗಾಗಿ ದತ್ತಿ ಬಿಟ್ಟ ಶಾಸನಗಳೂ ಇವೆ. ಕೆರೆಯ ಜೊತೆಗೇ ಕೆರೆಯ ನಾಳೆಯನ್ನೂ ಕಲ್ಲಿನಲ್ಲಿ ಬರೆಸಿಡುತ್ತಿದ್ದರು. ಗಡಿ ರಸ್ತೆಗಳ ಒಪ್ಪಂದಗಳಲ್ಲಿ ಇರಬೇಕಾದದ್ದೂ ಇಂಥದೇ ಒಂದು ಸಾಲು: ಕಟ್ಟಲು ಇಷ್ಟು, ಕಾಯಲು ವರ್ಷಕ್ಕೆ ಇಷ್ಟು, ಕಾಯುವವರು ಇಂಥವರು.

ನಿಮ್ಮಲ್ಲಿ ಕೆಲವರು ಮುಂದೆ ಇಂಜಿನಿಯರಾಗಬಹುದು, ಕೆಲವರು ಇತಿಹಾಸ ಬರೆಯಬಹುದು. ಇಬ್ಬರಿಗೂ ಒಂದೇ ಅಭ್ಯಾಸ ಸಾಕು. ನಿಮ್ಮ ಊರಿನ ಸಮೀಪದ ಸೇತುವೆಯ ಬಳಿಗೆ ಈ ಮಳೆಗಾಲ ಕಳೆದ ಮೇಲೆ ಒಮ್ಮೆ ಹೋಗಿ. ಉದ್ಘಾಟನೆಯ ಫಲಕವನ್ನು ಓದಿ. ಆಮೇಲೆ ದಡದ ಮೇಲಿನಿಂದಲೇ ಗಮನಿಸಿ: ಗೋಡೆಯ ತೂತುಗಳಿಂದ ನೀರು ಬರುತ್ತಿದೆಯೇ, ಸಂದುಗಳಲ್ಲಿ ಮಣ್ಣು ತುಂಬಿದೆಯೇ, ಕಂಬದ ಬುಡ ಬರಿದಾಗಿದೆಯೇ? ಅಲ್ಲಿ ಸಲಿಕೆ ಹಿಡಿದ ಯಾರಾದರೂ ಇದ್ದರೆ ಅವರನ್ನು ಮಾತನಾಡಿಸಿ. ಎಷ್ಟು ವರ್ಷದಿಂದ ಈ ಕೆಲಸ, ಯಾವ ಮಳೆಗೆ ಏನಾಯಿತು ಎಂದು ಕೇಳಿ ಬರೆದುಕೊಳ್ಳಿ. ಫಲಕದ ಮೇಲೆ ಇಲ್ಲದ ಚರಿತ್ರೆ ಅವರ ಬಳಿ ಇರುತ್ತದೆ.